ಇಂಗ್ಲಿಷ್ ‘ಇ’ ಅಕ್ಷರದ ಹೆಸರು ಇಡುವ ಮುಂಚೆ

ಹೋದ ಬೇಸಿಗೆಯಲ್ಲಿ ಒಂದು ಸಂಜೆ ನಮ್ಮ ಓಣಿಯ ಕೊನೆ ಮನೆಯ ಅಜ್ಜಿ ಚೀಟಿ ಹಿಡಿದುಕೊಂಡು ಬಂದರು. ಅವರ ಮಗನಿಗೆ ಹೆಣ್ಣುಮಗು ಆಗಿತ್ತು. ಕೃತ್ತಿಕಾ ನಕ್ಷತ್ರ, ನಾಲ್ಕನೇ ಪಾದ. ಪಂಚಾಂಗದಲ್ಲಿ ಕೃತ್ತಿಕೆಯ ನಾಲ್ಕು ಪಾದಕ್ಕೆ ಅ, ಇ, ಉ, ಎ ಅಂತ ನಾಲ್ಕು ಅಕ್ಷರ ಇವೆ. ಹಾಗಾಗಿ ಈ ಮಗುವಿಗೆ ಎ. ಮಗ ತೋರಣಗಲ್ಲಿನ ಸ್ಟೀಲ್ ಕಾರ್ಖಾನೆಯಲ್ಲಿ ಇಂಜಿನಿಯರ್, ಮುಂದೆ ಹೊರದೇಶಕ್ಕೆ ಹೋಗುವ ಯೋಚನೆ ಇದೆ. ಮಗ, ಸೊಸೆ ಇಬ್ಬರಿಗೂ ಇಂಗ್ಲಿಷ್ ಹೆಸರೇ ಬೇಕು. ಫೋನಿನಲ್ಲಿ ಹುಡುಕಿ ಇಂಗ್ಲಿಷಿನ ‘ಇ’ ಅಕ್ಷರದ ಇಪ್ಪತ್ತು ಹೆಸರು ಬರೆದು ಅಜ್ಜಿ ಕೈಗೆ ಕೊಟ್ಟಿದ್ದರು.

“ಟೀಚರಮ್ಮ, ನಿಮ್ಮ ಮನ್ಯಾಗ ಎಲ್ಲಾರವೂ ಇಂಥವೇ ಹೆಸರಲ್ಲೇನು? ಇದರಾಗ ಯಾವುದು ಚಲೋದು ಹೇಳ್ರಿ” ಅಂದರು.

ಅಜ್ಜಿ ಹೇಳಿದ್ದು ನಿಜ. ನಮ್ಮದು ಬಳ್ಳಾರಿ ಕೌಲ್ ಬಜಾರಿನ ಹಳೆಯ ಕ್ರೈಸ್ತ ಮನೆತನ. ಮುತ್ತಜ್ಜ ಎಬೆನೇಜರ್. ಅಜ್ಜಿ ಎಸ್ತೇರಮ್ಮ. ಅಪ್ಪ ಎಡ್ವಿನ್. ನಾನು ಯೂನಿಸ್. ಎಲ್ಲವೂ ಇಂಗ್ಲಿಷಿನಲ್ಲಿ ‘ಇ’ ಇಂದಲೇ ಶುರು. ಕನ್ನಡ ಟೀಚರ್ ಆಗಿ ಮೂವತ್ತೊಂದು ವರ್ಷ ಹಾಜರಿ ಪುಸ್ತಕ ಬರೆದಿದ್ದೇನೆ. ನಿವೃತ್ತಿ ಆದ ಮೇಲೂ ಚರ್ಚಿನವರು, ಓಣಿಯವರು ಹೆಸರು ಕೇಳಲು ಬರುತ್ತಾರೆ. ಅವರ ಜೊತೆ ಕೂತು ನಾನು ಏನೇನು ನೋಡುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಚೀಟಿ ಪಕ್ಕಕ್ಕಿಡಿ. ಹೆಸರನ್ನು ಬಾಯಿಬಿಟ್ಟು ಹೇಳಿ. ಇಂಗ್ಲಿಷಿನಲ್ಲಿ ‘ಇ’ ಒಂದೇ ಅಕ್ಷರ, ಆದರೆ ನಮ್ಮ ಕಿವಿಗೆ ಅದು ಆರು ಅಕ್ಷರ. ಎಡ್ವರ್ಡ್, ಎಮಿಲಿ, ಎರಿಕ್ ಅಂದಾಗ ಎ. ಈವ್, ಈಥನ್, ಈಡಿತ್ ಅಂದಾಗ ಈ. ನಾವು ಎಲಿಜಬೆತ್ ಅನ್ನುವುದನ್ನು ಇಂಗ್ಲೆಂಡಿನವರು ಇಲಿಜಬತ್ ಅನ್ನುತ್ತಾರೆ, ಅಲ್ಲಿ ಇ. ಯೂನಿಸ್, ಯೂಜೀನ್ ಬಂದರೆ ಯೂ. ಅರ್ನೆಸ್ಟ್, ಅರ್ಲ್ ಬಂದರೆ ಅ. ಐರ್ಲೆಂಡಿನ ಏಮನ್ ಅನ್ನುವ ಹೆಸರಿನಲ್ಲಿ ಏ.

ನಕ್ಷತ್ರ ನೋಡಿ ಹೆಸರಿಡುವವರು ಇಲ್ಲೇ ಎಡವುತ್ತಾರೆ. ಪಂಚಾಂಗ ಕೊಡುವುದು ದನಿಯನ್ನು. ಇಂಗ್ಲಿಷ್ ಕಾಗುಣಿತಕ್ಕೂ ಅದಕ್ಕೂ ಸಂಬಂಧ ಇಲ್ಲ. ಕೃತ್ತಿಕೆ ಎರಡನೇ ಪಾದದ ಮಗುವಿಗೆ ‘ಇ’ ಬೇಕು ಅಂತ ಎಮಿಲಿ ಇಟ್ಟರೆ ದನಿ ಬೇರೆಯೇ ಆಯಿತು ಅಲ್ವಾ? ಈಥನ್ ಇಟ್ಟರೆ ಸರಿ ಹೋಗುತ್ತದೆ. ಇನ್ನೊಂದು ಮಾತು. ಏ ದನಿ ಬೇಕಾದವರು ಇಂಗ್ಲಿಷಿನ ‘ಎ’ ಪಟ್ಟಿಯನ್ನೂ ಒಮ್ಮೆ ನೋಡಿ. ಏಮಿ, ಏಡಾ ಅಲ್ಲಿ ಇರುತ್ತವೆ. ‘ಇ’ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಎರಡನೇ ಕೆಲಸ ಅರ್ಥದ್ದು. ಇದರಲ್ಲಿ ನಿಧಾನ ಬೇಕು. ಪಟ್ಟಿಯಲ್ಲಿ ಒಂದೊಂದು ಹೆಸರಿನ ಮುಂದೆ ಒಂದೊಂದು ಪದ ಬರೆದಿರುತ್ತಾರೆ: ‘ಸುಂದರಿ’, ‘ಧೈರ್ಯವಂತ’. ಅದನ್ನು ಉರು ಹೊಡೆದು ಉಪಯೋಗ ಇಲ್ಲ. ನಾನು ಹೇಳುವುದು ಇಷ್ಟೇ, ಹೆಸರನ್ನು ತುಂಡು ಮಾಡಿ ನೋಡಿ. ಆ ತುಂಡು ಯಾವ ಭಾಷೆಯದು ಕೇಳಿ. ‘ಇ’ ಅಕ್ಷರದಲ್ಲಿ ಮೂರು ತುಂಡು ಗೊತ್ತಿದ್ದರೆ ಅರ್ಧ ಪಟ್ಟಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲ ತುಂಡು ‘ಎಡ್’. ಇದು ಸಾವಿರ ವರ್ಷಕ್ಕೂ ಹಿಂದಿನ ಹಳೆಯ ಇಂಗ್ಲಿಷಿನದು. ಆಗ ಅದು ‘ಏಯಡ್’ ಅನ್ನುವ ಹಾಗಿತ್ತು. ಸಂಪತ್ತು, ಭಾಗ್ಯ, ಒಳ್ಳೆಯ ಕಾಲ ಅಂತೆಲ್ಲ ಅರ್ಥ. ಇಂಗ್ಲಿಷ್ ನಿಘಂಟಿನವರು ಇದಕ್ಕೆ ಮೂರ್ನಾಲ್ಕು ಪದ ಬಳಸುತ್ತಾರೆ. ಕನ್ನಡದಲ್ಲಿ ಒಂದೇ ಪದ ಸಾಕು: ಸಿರಿ. ಹಣವೂ ಸಿರಿಯೇ, ಮನೆಯ ನೆಮ್ಮದಿಯೂ ಸಿರಿಯೇ. ಈಗ ಜೋಡಿಸಿ ನೋಡಿ. ‘ವರ್ಡ್’ ಅಂದರೆ ಕಾವಲುಗಾರ, ಎಡ್ವರ್ಡ್ ಅಂದರೆ ಸಿರಿ ಕಾಯುವವನು. ನಮ್ಮ ಧನಪಾಲ ಅನ್ನುವ ಹೆಸರೂ ಇದೇ ಅಲ್ವಾ. ‘ವಿನ್’ ಅಂದರೆ ಗೆಳೆಯ, ಎಡ್ವಿನ್ ಅಂದರೆ ಸಿರಿಯ ಗೆಳೆಯ. ‘ಮಂಡ್’ ಅಂದರೆ ರಕ್ಷಣೆ, ಎಡ್ಮಂಡ್ ಅಂದರೆ ಸಿರಿಗೆ ಆಸರೆ. 1953ರಲ್ಲಿ ತೇನ್‌ಸಿಂಗ್ ಜೊತೆ ಎವರೆಸ್ಟ್ ಹತ್ತಿದ ಹಿಲರಿಯ ಹೆಸರು ಇದು. ‘ಗರ್’ ಅಂದರೆ ಈಟಿ, ಎಡ್ಗರ್ ಆಯಿತು. ಎಡಿತ್ ಅನ್ನುವ ಹೆಣ್ಣಿನ ಹೆಸರಿನಲ್ಲಿ ಎರಡನೇ ತುಂಡಿಗೆ ಕಾಳಗ ಅಂತ ಅರ್ಥ. ಸಿರಿ ಮತ್ತು ಕಾಳಗ. ಎಡಿತ್ ಅಂದರೆ ಮೆತ್ತನೆಯ ಹೆಸರು ಅಂದುಕೊಂಡವರಿಗೆ ಇದು ಆಶ್ಚರ್ಯ.

ಈ ಹೆಸರುಗಳು ನಮ್ಮೂರಿಗೆ ಬಂದ ದಾರಿ ಗೊತ್ತಾದಾಗ ನನಗೆ ತುಂಬಾ ಖುಷಿ ಆಗಿತ್ತು. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ಅಲ್ಲಿನ ಜನ ತಮ್ಮ ಹಳೆಯ ಹೆಸರು ಬಿಟ್ಟು ಗೆದ್ದವರ ಹೆಸರು ಇಡತೊಡಗಿದರು: ವಿಲಿಯಂ, ರಾಬರ್ಟ್, ಹೆನ್ರಿ. ಎಡ್ವಿನ್, ಎಡ್ಗರ್ ಹೆಚ್ಚುಕಡಿಮೆ ಮರೆತೇ ಹೋದವು. ಎಡ್ವರ್ಡ್ ಮಾತ್ರ ಉಳಿದದ್ದು ಒಬ್ಬ ಸಂತ ರಾಜನ ಮೇಲಿನ ಭಕ್ತಿಯಿಂದ. ಮೂರನೇ ಹೆನ್ರಿ ಆ ಸಂತ ಎಡ್ವರ್ಡನ ನೆನಪಿಗೆ 1239ರಲ್ಲಿ ಹುಟ್ಟಿದ ಮಗನಿಗೆ ಅದೇ ಹೆಸರಿಟ್ಟ. ಮುಂದೆ ಅರಮನೆಯಲ್ಲಿ ಎಡ್ವರ್ಡರ ಸಾಲೇ ಬಂತು. ಉಳಿದವು ಮತ್ತೆ ಎದ್ದು ಬಂದದ್ದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಎಡ್ವಿನ್, ಎಡ್ಗರ್, ಎಡಿತ್, ಎಥೆಲ್ ಎಲ್ಲ ಆಗ ಹೊಸ ಫ್ಯಾಷನ್. ಬಳ್ಳಾರಿಯಲ್ಲಿ ದಂಡು ಇದ್ದದ್ದು, ಮಿಷನ್ ಶಾಲೆಗಳು ಬೆಳೆದದ್ದು ಆ ಕಾಲದಲ್ಲೇ. ಅದಕ್ಕೂ ಮುಂಚೆಯೇ, 1810ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೈಹಾಕಿದರು. ಅವರ ಹಿಂದೆ ಬಂದ ಪಾದ್ರಿಗಳ, ಟೀಚರುಗಳ ಹೆಸರನ್ನು ನಮ್ಮ ಹಿರಿಯರು ಪ್ರೀತಿಯಿಂದ ಮಕ್ಕಳಿಗೆ ಇಟ್ಟರು. ಅಪ್ಪನಿಗೆ ಎಡ್ವಿನ್ ಅಂತ ಬಂದದ್ದು ಹಾಗೆ. ಇಂಗ್ಲೆಂಡೇ ಒಮ್ಮೆ ಮರೆತಿದ್ದ ಹೆಸರು ಕೌಲ್ ಬಜಾರಿನ ಒಂದು ಮನೆಗೆ ಬಂದು ಸೇರಿತು.

ಎಥೆಲ್ ಹೆಸರಿಗೂ ಇದೇ ವಯಸ್ಸು. ಹಳೆಯ ಇಂಗ್ಲಿಷಿನಲ್ಲಿ ದೊಡ್ಡ ಮನೆತನದ, ಕುಲೀನ ಅಂತ ಅರ್ಥ. ಉದ್ದ ಉದ್ದ ಹೆಸರುಗಳ ಮೊದಲ ತುಂಡಾಗಿತ್ತು, ಆಮೇಲೆ ತಾನೇ ಒಂದು ಹೆಸರಾಯಿತು.

ಎರಡನೇ ತುಂಡು ಗ್ರೀಕ್ ಭಾಷೆಯ ‘ಯೂ’. ಇಂಗ್ಲಿಷಿನಲ್ಲಿ ಇ, ಯು ಅಂತ ಎರಡು ಅಕ್ಷರ. ಅರ್ಥ ‘ಒಳ್ಳೆಯ’. ಕನ್ನಡ ಬಲ್ಲವರಿಗೆ ಇದರಷ್ಟು ಸುಲಭದ ತುಂಡು ಬೇರೆ ಇಲ್ಲ. ನಮ್ಮ ಸುಮನ, ಸುಮತಿ, ಸುಗುಣದಲ್ಲಿ ಬರುವ ಸಂಸ್ಕೃತದ ‘ಸು’ ಮತ್ತು ಈ ‘ಯೂ’ ಒಂದೇ ಬೇರಿನಿಂದ ಬಂದ ಅಕ್ಕ ತಂಗಿ. ಯೂಜೀನ್ ಅಂದರೆ ಒಳ್ಳೆಯ ಕುಲದಲ್ಲಿ ಹುಟ್ಟಿದವನು. ಯೂಜೀನಿಯಾ ಅಂದರೆ ಹಾಗೆ ಹುಟ್ಟಿದವಳು, ಅಂದರೆ ಸುಜಾತಾ. ಬರೀ ಅರ್ಥ ಒಂದೇ ಅಂತಲ್ಲ, ‘ಜಾತ’ ಮತ್ತು ‘ಜೀನ್’ ಕೂಡ ಒಂದೇ ಬೇರು. ಹಾಜರಿ ಕೂಗುವಾಗ ನನ್ನ ಕ್ಲಾಸಿನಲ್ಲಿ ವರ್ಷಕ್ಕೆ ಒಬ್ಬಳಾದರೂ ಸುಜಾತಾ ಇರುತ್ತಿದ್ದಳು. ಅವಳ ಹೆಸರಿಗೆ ಗ್ರೀಸಿನಲ್ಲಿ ಒಬ್ಬ ಅಕ್ಕ ಇದ್ದಾಳೆ ಅಂತ ಹೇಳಿದಾಗ ಮಕ್ಕಳ ಮುಖ ನೋಡಬೇಕು.

ಯೂಡೋರಾ ಅಂದರೆ ಒಳ್ಳೆಯ ಕೊಡುಗೆ. ಯೂಲೇಲಿಯಾ ಅಂದರೆ ಸವಿಮಾತಿನವಳು, ನಮ್ಮ ಸುಭಾಷಿಣಿ. ಇವ್ಯಾಂಜಲೀನ್ ಹೆಸರಿನಲ್ಲೂ ಇದೇ ತುಂಡು ಅಡಗಿದೆ, ಅರ್ಥ ಒಳ್ಳೆಯ ಸುದ್ದಿ. ಇದಕ್ಕೆ ನಮ್ಮ ಚರ್ಚಿನಲ್ಲಿ ದಿನಾ ಹೇಳುವ ಪದವೇ ಇದೆ: ಸುವಾರ್ತೆ. ಇನ್ನು ನನ್ನ ಹೆಸರು. ‘ನೀಕೆ’ ಅಂದರೆ ಗ್ರೀಕಿನಲ್ಲಿ ಗೆಲುವು. ಯೂನಿಸ್ ಅಂದರೆ ಒಳ್ಳೆಯ ಗೆಲುವು. ಬೈಬಲಿನಲ್ಲಿ ಬರುವ ತಿಮೊಥೆಯನ ತಾಯಿಯ ಹೆಸರು ಅದು. ಕನ್ನಡ ಬೈಬಲಿನಲ್ಲಿ ‘ಯೂನಿಕೆ’ ಅಂತ ಗ್ರೀಕಿಗೆ ಹತ್ತಿರವಾಗಿಯೇ ಬರೆದಿದ್ದಾರೆ. ನಾನು ಏಳನೇ ಕ್ಲಾಸಿನಲ್ಲಿ ಗಣಿತದಲ್ಲಿ ಫೇಲಾಗಿ ಅಳುತ್ತಾ ಕೂತಿದ್ದಾಗ ಅಪ್ಪ ಆ ಪುಟ ತೆಗೆದು ತೋರಿಸಿದ್ದರು. “ನಿನ್ನ ಹೆಸರಿನಲ್ಲೇ ಗೆಲುವು ಇಟ್ಟೀವಿ, ಹೋಗು ಮುಖ ತೊಳಕೊ” ಅಂದಿದ್ದರು. ಹೆಸರಿನ ಅರ್ಥ ಹುಡುಕುವ ಗೀಳು ನನಗೆ ಹತ್ತಿದ್ದು ಅಂದಿನಿಂದ.

ಮೂರನೇ ತುಂಡು ಹೀಬ್ರೂ ಭಾಷೆಯ ‘ಎಲ್’. ದೇವರು ಅಂತ ಅರ್ಥ. ಎಲಿಜಬೆತ್ ಅಂದರೆ ‘ನನ್ನ ದೇವರೇ ಆಣೆ’, ದೇವರು ಕೊಟ್ಟ ಮಾತು ಅಂತ. ಎಲಿಷಾ ಅಂದರೆ ದೇವರೇ ರಕ್ಷಣೆ. ಎಲಿಜಾ ಅಂದರೆ ಯೆಹೋವನೇ ನನ್ನ ದೇವರು. ಎಲಿಯೇಜರ್ ಅಂದರೆ ದೇವರೇ ಸಹಾಯ. ಈ ತುಂಡು ಹೆಸರಿನ ಕೊನೆಯಲ್ಲೂ ಬರುತ್ತದೆ, ಇಮ್ಯಾನುಯೆಲ್ ನೋಡಿ. ದೇವರು ನಮ್ಮ ಸಂಗಡ ಇದ್ದಾನೆ ಅಂತ ಅರ್ಥ.

ಆದರೆ ‘ಎಬೆನೇಜರ್’ನಲ್ಲಿ ಈ ತುಂಡು ಇಲ್ಲ. ‘ಎಬೆನ್’ ಅಂದರೆ ಕಲ್ಲು, ‘ಏಜೆರ್’ ಅಂದರೆ ಸಹಾಯ. ಇಲ್ಲಿಯವರೆಗೆ ದೇವರು ನಮ್ಮ ಕೈಹಿಡಿದ ಅಂತ ನೆನೆದು ಬೈಬಲಿನ ಪ್ರವಾದಿ ಸಮುವೇಲನು ಒಂದು ಕಲ್ಲು ನಿಲ್ಲಿಸಿ ಅದಕ್ಕೆ ಇಟ್ಟ ಹೆಸರು. ಅದು ಮೊದಲು ಮನುಷ್ಯನ ಹೆಸರೇ ಆಗಿರಲಿಲ್ಲ. ಬಳ್ಳಾರಿ ಗುಡ್ಡದ ಬುಡದಲ್ಲಿ ಹುಟ್ಟಿ ಬೆಳೆದ ನಮ್ಮ ಮುತ್ತಜ್ಜನಿಗೆ ಕಲ್ಲಿನ ಹೆಸರು. ಯಾರು ಆರಿಸಿದರೋ, ಊರು ನೋಡಿಯೇ ಆರಿಸಿದ್ದಾರೆ ಅನ್ನಿಸುತ್ತದೆ ನನಗೆ.

ಬೈಬಲಿನ ಹೆಸರು ಆರಿಸುವವರಿಗೆ ಒಂದು ಕಿವಿಮಾತು. ಇಂಗ್ಲಿಷ್ ರೂಪ ಬೇಕೋ, ಕನ್ನಡ ಬೈಬಲಿನ ರೂಪ ಬೇಕೋ ಮೊದಲೇ ನಿರ್ಧಾರ ಮಾಡಿ. ಈವ್ ನಮ್ಮಲ್ಲಿ ಹವ್ವ. ಇನಾಕ್ ನಮ್ಮಲ್ಲಿ ಹನೋಕ. ಇಜಿಕಿಯೆಲ್ ನಮ್ಮಲ್ಲಿ ಯೆಹೆಜ್ಕೇಲ. ಇಂಗ್ಲಿಷಿನಲ್ಲಿ ‘ಇ’ ಆದರೂ ಕನ್ನಡದಲ್ಲಿ ಅಕ್ಷರವೇ ಬದಲಾಗುತ್ತದೆ. ಎರಡೂ ಸರಿಯೇ. ನನಗೆ ಹವ್ವ ಅನ್ನುವುದೇ ಇಷ್ಟ, ಯಾಕೆಂದರೆ ಮೂಲ ಹೀಬ್ರೂ ದನಿಗೆ ಅದೇ ಹತ್ತಿರ. ಅರ್ಥ ಜೀವ, ಬದುಕು.

ಈ ಮೂರು ತುಂಡಿಗೆ ಸೇರದವೂ ಇವೆ. ಎರಿಕ್ ಉತ್ತರದ ನಾರ್ಸ್ ಭಾಷೆಯದು, ಎಂದೆಂದಿಗೂ ಆಳುವವನು ಅನ್ನುವ ಹಾಗೆ ಅರ್ಥ. ಅರ್ನೆಸ್ಟ್ ಜರ್ಮನ್ ಕಡೆಯದು, ಮನಸ್ಸಿಟ್ಟು ಕೆಲಸ ಮಾಡುವವನು. ಎನಿಡ್ ವೇಲ್ಸಿನದು, ಜೀವ ಅಥವಾ ಆತ್ಮ ಅನ್ನುವ ಪದದ ಜೊತೆ ಜೋಡಿಸುತ್ತಾರೆ. ಎವನ್ ಕೂಡ ವೇಲ್ಸಿನದೇ, ಜಾನ್ ಹೆಸರಿನ ಅಲ್ಲಿನ ರೂಪ. ಏಮನ್ ಅಂದೆನಲ್ಲ, ಅದು ಎಡ್ಮಂಡ್ ಹೆಸರಿನ ಐರಿಷ್ ರೂಪ. ಎರಿನ್ ಅಂದರೆ ಐರ್ಲೆಂಡ್ ದೇಶವೇ.

ಮೂರನೇ ಕೆಲಸ, ಒಂದೇ ಥರ ಕಾಣುವ ಹೆಸರುಗಳನ್ನು ಬೇರೆ ಬೇರೆ ಮಾಡುವುದು. ಫೋನಿನ ಪಟ್ಟಿಗಳು ಜಾಸ್ತಿ ತಪ್ಪುವುದು ಇಲ್ಲಿ. ಎಮ್ಮಾ ಮತ್ತು ಎಮಿಲಿ ಒಂದೇ ಅಂತ ಬರೆದಿರುತ್ತಾರೆ. ಎಮ್ಮಾ ಜರ್ಮನ್ ಮೂಲದ್ದು, ‘ಇಡೀ’, ‘ಪೂರ್ತಿ’ ಅಂತ ಅರ್ಥ. ಎಮಿಲಿ ಬಂದದ್ದು ರೋಮಿನ ಎಮಿಲಿಯಸ್ ಅನ್ನುವ ಮನೆತನದ ಹೆಸರಿನಿಂದ. ಅದನ್ನು ಪೈಪೋಟಿ ಮಾಡುವವನು ಅನ್ನುವ ಲ್ಯಾಟಿನ್ ಪದದ ಜೊತೆ ಸೇರಿಸುತ್ತಾರೆ. ಅಜ್ಜಿಯ ಚೀಟಿಯಲ್ಲಿ ಎಮಿಲಿ ಮುಂದೆ ‘ಕಷ್ಟಪಟ್ಟು ದುಡಿಯುವವಳು’ ಅಂತಿತ್ತು. ಅದು ಅಮೀಲಿಯಾ ಅನ್ನುವ ಇನ್ನೊಂದು ಹೆಸರಿನ ಅರ್ಥ, ಯಾರೋ ತಂದು ಇದಕ್ಕೆ ಅಂಟಿಸಿದ್ದಾರೆ. ಎವೆಲಿನ್ ಕೂಡ ಹಾಗೇ. ಈವ್ ಹೆಸರಿನ ಮಗಳು ಅಂದುಕೊಳ್ಳುತ್ತಾರೆ. ಅದು ನಾರ್ಮನ್ನರ ಅವೆಲೀನ್ ಹೆಸರಿನಿಂದ ಬಂದು, ಮನೆತನದ ಹೆಸರಾಗಿ, ಆಮೇಲೆ ಮಕ್ಕಳ ಹೆಸರಾದದ್ದು. ಹಿಂದೆ ಇಂಗ್ಲೆಂಡಿನಲ್ಲಿ ಗಂಡುಮಕ್ಕಳಿಗೂ ಇಡುತ್ತಿದ್ದರು. ಎರಿಕಾ ಅನ್ನುವುದು ಎರಿಕ್‌ನ ಹೆಣ್ಣು ರೂಪ. ಲ್ಯಾಟಿನ್ನಿನಲ್ಲಿ ಅದೇ ದನಿಯ ಪದ ಒಂದು ಹೂಬಿಡುವ ಗಿಡದ ಹೆಸರು. ಎಲಿನರ್ ಹೆಸರಿನ ಅರ್ಥದ ಬಗ್ಗೆ ಪಂಡಿತರಲ್ಲೇ ಒಮ್ಮತ ಇಲ್ಲ. ಅದಕ್ಕೆ ಖಚಿತವಾಗಿ ಒಂದೇ ಅರ್ಥ ಬರೆದ ಪಟ್ಟಿ ಕಂಡರೆ ಆ ಪಟ್ಟಿಯ ಉಳಿದ ಹೆಸರುಗಳನ್ನೂ ಇನ್ನೊಮ್ಮೆ ನೋಡಿ. ಹೆಸರುಗಳ ಮೂಲವನ್ನೇ ಹೇಳುವ ಒಳ್ಳೆಯ ನಿಘಂಟುಗಳಿವೆ. ಯಾವ ಭಾಷೆ, ಯಾವ ಕಾಲ, ಯಾವ ತುಂಡು ಅಂತ ಬಿಡಿಸಿ ಬರೆದದ್ದನ್ನು ನಂಬಿ.

ನಾಲ್ಕನೇ ಕೆಲಸ ತಲಬಾಗಿಲಲ್ಲಿ. ನಿಜವಾಗಿ ಹೇಳುತ್ತಿದ್ದೇನೆ, ಹೊಸ್ತಿಲ ಮೇಲೆ ನಿಂತು, ಓಣಿಯಲ್ಲಿ ಆಡುವ ಮಗುವನ್ನು ಊಟಕ್ಕೆ ಕರೆದ ಹಾಗೆ ಜೋರಾಗಿ ಕೂಗಿ. ಹೆಸರು ಬಾಳುವುದು ಓಣಿಯಲ್ಲಿ. ಎನಿಡ್ ಅಂತ ಕೂಗಿದರೆ ನಮ್ಮವರಿಗೆ ‘ಏನಿದು’ ಅಂತ ಕೇಳುತ್ತದೆ. ಎವನ್ ಅಂದರೆ ‘ಇವನ್’. “ಎವನ್ ಬಂದ” ಅಂದರೆ “ಯಾವನ್ ಬಂದ?” ಅಂತ ತಿರುಗಿ ಕೇಳುತ್ತಾರೆ. ಎಲ್ಲಾ ಅನ್ನುವ ಹೆಸರು ಮಾತ್ರ ನನಗೆ ಬಲು ಅಚ್ಚರಿ. ಜರ್ಮನ್ ಮೂಲದ ಆ ಹೆಸರಿಗೆ ‘ಬೇರೆ’ ಅಂತ ಕೆಲವರು ಅರ್ಥ ಹೇಳಿದರೆ, ‘ಎಲ್ಲ’ ಅಂತಲೇ ಹೇಳುವವರೂ ಇದ್ದಾರೆ. ಕನ್ನಡದಲ್ಲೂ ಅದು ಎಲ್ಲಾ! ಎರಡು ಭಾಷೆಗೂ ಸಂಬಂಧ ಇಲ್ಲ, ದನಿ ಮಾತ್ರ ಹಾಗೆ ಕೂಡಿ ಬಂದಿದೆ.

ಎಮ್ಮಾ ಹೆಸರಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಈಗ ಬಹಳ ಜನ ಇಷ್ಟಪಡುವ ಹೆಸರು ಅದು. ಶಾಲೆಯಲ್ಲಿ ಮಕ್ಕಳು ಎಮ್ಮೆ ಅಂತಾರೆ, ಅದು ಖಂಡಿತ. ನನ್ನ ಕ್ಲಾಸಿನಲ್ಲಿ ಆ ಹೆಸರಿನ ಒಂದು ಮಗು ಇತ್ತು. ಒಂದು ದಿನ ಅಳುತ್ತಾ ಬಂದಳು. ನಾನು ಬೋರ್ಡಿನ ಮೇಲೆ ‘ಎಮ್ಮ’ ಅಂತ ಬರೆದೆ. ಹಳೆಯ ಕಾವ್ಯಗಳಲ್ಲಿ ‘ಎಮ್ಮ’ ಅಂದರೆ ‘ನಮ್ಮ’ ಅಂತ ಹೇಳಿದೆ. “ಇವಳು ಯಾರು? ಎಮ್ಮವಳು, ಅಂದರೆ ನಮ್ಮವಳು” ಅಂದೆ. ಅವತ್ತಿನಿಂದ ಕ್ಲಾಸಿನಲ್ಲಿ ಆ ಪದ ಯಾರೂ ತಪ್ಪಾಗಿ ಕೂಗಲಿಲ್ಲ. ಆದರೆ ಎಲ್ಲ ಕ್ಲಾಸಿನಲ್ಲೂ ಯಾರಾದರೂ ಹೀಗೆ ಬರೆದು ತೋರಿಸುತ್ತಾರೆ ಅಂತ ಹೇಳಲು ಬರುವುದಿಲ್ಲ. ಈ ಹೆಸರು ಇಡುವವರು ಆ ಉತ್ತರವನ್ನು ಮಗುವಿಗೆ ಮನೆಯಲ್ಲೇ ಕಲಿಸಿ ಕಳಿಸಿ.

ಕೂಗುವಾಗ ಮನೆಯ ಹಿರಿಯರ ಬಾಯನ್ನೂ ಕೇಳಿ. ನಮ್ಮ ಕಡೆ ಪದದ ಮೊದಲ ಎ ದನಿ ಯೆ ಆಗುತ್ತದೆ. ಎಲೆ ಯೆಲಿ ಆಗುತ್ತದೆ, ಎತ್ತು ಯೆತ್ತು ಆಗುತ್ತದೆ. ನಮ್ಮ ಅಜ್ಜಿ ಕೊನೆಯವರೆಗೂ ಓಣಿಗೆಲ್ಲ ಯೆಸ್ತೇರಮ್ಮ. ಕೊನೆಯಲ್ಲಿ ವ್ಯಂಜನ ಬಂದರೆ ನಾವು ಒಂದು ಸ್ವರ ಸೇರಿಸುತ್ತೇವೆ, ಇಲ್ಲವೇ ಅಪ್ಪ, ಅಮ್ಮ ಹಚ್ಚುತ್ತೇವೆ. ಎಡ್ವಿನ್ ಎಡ್ವಿನಪ್ಪ ಆದರು, ಎಲಿಜಬೆತ್ ಎಲಿಸಮ್ಮ ಆದರು. ಅಜ್ಜಿ ಅಥವಾ ತಾತನ ಬಾಯಲ್ಲಿ ಹೆಸರು ಹೇಗೆ ಬರುತ್ತದೋ ಅದು ಕೇಳಲು ಚೆನ್ನಾಗಿದ್ದರೆ ಆ ಹೆಸರು ನಿಲ್ಲುತ್ತದೆ.

ಕೊನೆಯ ಕೆಲಸ ಕಾಗದದ್ದು. ದಯವಿಟ್ಟು ಇದನ್ನು ಹಗುರ ಮಾಡಬೇಡಿ. ನನ್ನ ಹೆಸರಿನ ಇಂಗ್ಲಿಷ್ ಕಾಗುಣಿತ ನೋಡಿ ಕನ್ನಡದಲ್ಲಿ ಒಬ್ಬರು ‘ಯುನೈಸ್’ ಅಂತ ಬರೆದರು. ಇನ್ನೊಬ್ಬರು ‘ಈಯುನಿಸ್’ ಅಂದರು. ನಿವೃತ್ತಿ ಕಾಗದ ಓಡಾಡುವಾಗ ಒಂದು ಕಚೇರಿಯಲ್ಲಿ ಮೂರು ದಾಖಲೆ ಮುಂದಿಟ್ಟುಕೊಂಡು ಈ ಮೂವರಲ್ಲಿ ನೀವು ಯಾರು ಅಂತ ಕೇಳಿದರು. ಮೂರೂ ನಾನೇ ಅಂತ ಅಫಿಡವಿಟ್ ಮಾಡಿಸಿ, ನೋಟರಿ ಸೀಲು ಹಾಕಿಸಿ ಕೊಡುವಷ್ಟರಲ್ಲಿ ಪಿಂಚಣಿ ನಾಲ್ಕು ತಿಂಗಳು ತಡವಾಯಿತು. ಮೂವತ್ತೊಂದು ವರ್ಷ ಮಕ್ಕಳಿಗೆ ಕಾಗುಣಿತ ತಿದ್ದಿದವಳಿಗೆ ಅದು ಬಹಳ ನೋವಿನ ವಿಷಯ.

ಹಾಗಾಗಿ ಮೊದಲ ದಿನವೇ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಮೇಲೆ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಬಿಡಿಬಿಡಿಯಾಗಿ ಹೆಸರು ಬರೆಯಿರಿ. ಅದನ್ನು ಫೋನಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಯಾವ ಕೌಂಟರಿಗೆ ಹೋದರೂ ಬಾಯಲ್ಲಿ ಹೇಳಬೇಡಿ, ಹಾಳೆ ಕೊಡಿ. ಟೈಪ್ ಮಾಡಿದ್ದನ್ನು ಪ್ರಿಂಟ್ ತೆಗೆಯುವ ಮುಂಚೆ ಸ್ಕ್ರೀನಿನಲ್ಲೇ ಕನ್ನಡ ಅಕ್ಷರ ಒಂದೊಂದಾಗಿ ಓದಿ. ಕಂಪ್ಯೂಟರ್ ಇಂಗ್ಲಿಷಿನಿಂದ ತಾನೇ ಕನ್ನಡ ಮಾಡಿಕೊಡುತ್ತದೆ, ಇ ಅಕ್ಷರದ ಹೆಸರು ಕೆಡುವುದೇ ಅಲ್ಲಿ. ಈಡಿತ್ ಅಂತ ಇಂಗ್ಲೆಂಡಿನವರು ಅಂದರೂ ನೀವು ಮನೆಯಲ್ಲಿ ಎಡಿತ್ ಅಂದರೆ ಎಡಿತ್ ಅಂತಲೇ ಬರೆಸಿ. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮೂರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಬೆಲ್ಲಾರಿ ಅಂತ ಬರೆಯುತ್ತಿದ್ದರು, 2014ರ ನವೆಂಬರ್ 1ರಿಂದ ಬಳ್ಳಾರಿ ಆಯಿತು. ನಾವು ಹೇಳುವ ಹಾಗೆ ಬರೆಯುವುದೇ ಸರಿ.

ಹುಟ್ಟಿದ 21 ದಿನದ ಒಳಗೆ ಜನನ ನೋಂದಣಿ ಆಗಬೇಕು. ಆಸ್ಪತ್ರೆಯಲ್ಲಿ ಹೆರಿಗೆ ಆದರೆ ಅವರೇ ತಿಳಿಸುತ್ತಾರೆ. ಆಗ ಹೆಸರು ಗೊತ್ತಿಲ್ಲದಿದ್ದರೆ ಗಾಬರಿ ಬೇಡ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. 12 ತಿಂಗಳ ಒಳಗೆ ಶುಲ್ಕ ಇಲ್ಲದೆ ಹೆಸರು ಸೇರಿಸಬಹುದು. ಆಮೇಲೂ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಲು ಅವಕಾಶ ಇದೆ. ಅವಸರದಲ್ಲಿ ಒಂದು ಹೆಸರು ಕೊಟ್ಟು ಆಮೇಲೆ ಬದಲಿಸಲು ಓಡಾಡುವುದಕ್ಕಿಂತ ಎರಡು ವಾರ ಕೂಗಿ ನೋಡಿ ಕೊಡುವುದು ಮೇಲು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗಂತೂ ಶಾಲೆ ಸೇರಲು, ಡ್ರೈವಿಂಗ್ ಲೈಸೆನ್ಸಿಗೆ, ಮತದಾರರ ಪಟ್ಟಿಗೆ ಎಲ್ಲದಕ್ಕೂ ಜನನ ಪ್ರಮಾಣ ಪತ್ರವೇ ಮೂಲ ದಾಖಲೆ. ಅದರಲ್ಲಿ ಬಿದ್ದ ಅಕ್ಷರ ಮಗುವಿನ ಜೊತೆ ಬೆಳೆಯುತ್ತಾ ಹೋಗುತ್ತದೆ.

ಅಜ್ಜಿಯ ಚೀಟಿಗೆ ಬರುತ್ತೇನೆ. ಇಪ್ಪತ್ತು ಹೆಸರಿನಲ್ಲಿ ದನಿ ನೋಡಿ ಐದು ತೆಗೆದೆವು. ಈ, ಯೂ ದನಿಯವು ಹೋದವು. ಅರ್ಥ ನೋಡಿ ಇನ್ನೂ ಕೆಲವು ಹೋದವು. ಸೊಸೆಗೆ ಎಮ್ಮಾ ಇಷ್ಟ ಇತ್ತು, ಅಜ್ಜಿ ಒಪ್ಪಲಿಲ್ಲ. ಆಗ ನಾನು ಎರಡು ಹೆಸರಿಗೆ ಗೆರೆ ಎಳೆದೆ: ಎಸ್ತರ್, ಎಸ್ಟೆಲ್ಲಾ. ಎಸ್ತರ್ ಹೆಸರಿನ ಮೂಲ ಪರ್ಷಿಯನ್ ಭಾಷೆಯ ‘ನಕ್ಷತ್ರ’ ಅನ್ನುವ ಪದ ಅಂತ ಹೇಳುತ್ತಾರೆ. ಉರ್ದುವಿನ ಸಿತಾರಾ ಅಲ್ಲಿಂದಲೇ ಬಂದದ್ದು. ಬಾಬಿಲೋನಿನ ಇಷ್ತಾರ್ ದೇವಿಯ ಹೆಸರು ಅನ್ನುವವರೂ ಇದ್ದಾರೆ. ಎಸ್ಟೆಲ್ಲಾ ಬಂದದ್ದು ಲ್ಯಾಟಿನ್ನಿನ ಸ್ಟೆಲ್ಲಾದಿಂದ. ಅದಕ್ಕೂ ನಕ್ಷತ್ರ ಅಂತಲೇ ಅರ್ಥ. ನಮ್ಮ ತಾರೆ, ಇಂಗ್ಲಿಷಿನ ಸ್ಟಾರ್, ಈ ಸ್ಟೆಲ್ಲಾ ಎಲ್ಲವೂ ಒಂದೇ ಬೇರಿನ ಪದಗಳು. ಕೃತ್ತಿಕೆ ಅಂದರೆ ಚಳಿಗಾಲದ ರಾತ್ರಿ ಮಾಳಿಗೆ ಮೇಲೆ ನಿಂತರೆ ಗೊಂಚಲಾಗಿ ಕಾಣುವ ಆರೇಳು ಚುಕ್ಕಿ. ಚುಕ್ಕಿಯಲ್ಲಿ ಹುಟ್ಟಿದವಳಿಗೆ ಚುಕ್ಕಿಯ ಹೆಸರು ಅಂದೆ.

ಅಜ್ಜಿಯನ್ನು ನಮ್ಮ ಮನೆ ಹೊಸ್ತಿಲ ಮೇಲೆ ನಿಲ್ಲಿಸಿ ಕೂಗಿ ಅಂದೆ. ಎಸ್ತರ್ ಅಂದಾಗ ಬಾಯಲ್ಲಿ ನಿಲ್ಲಲಿಲ್ಲ. ಎಸ್ಟೆಲ್ಲಾ ಅಂತ ಕೂಗಿದರು. ಎರಡನೇ ಸಲಕ್ಕೆ ಅದು ‘ಎಷ್ಟೆಲ್ಲಾ’ ಆಯಿತು. ನನಗೆ ಕೇಳಿಸಿತು, ಅವರಿಗೂ ಕೇಳಿಸಿತು. ಇದು ಬೇಡವೇನೋ ಅಂತ ನಾನು ಹೇಳುವಷ್ಟರಲ್ಲಿ ಅಜ್ಜಿಯ ಕಣ್ಣು ತುಂಬಿತ್ತು. ಮಗನ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಮಗು ಅದು.

“ಎಷ್ಟೆಲ್ಲಾ ಹರಕಿ ಹೊತ್ತೀವಿ ಟೀಚರಮ್ಮ ಈಕಿ ಸಲುವಾಗಿ. ಇದಾ ಇರಲಿ.”

ತೊಟ್ಟಿಲ ದಿನ ನನ್ನನ್ನೂ ಕರೆದಿದ್ದರು. ಸೋದರತ್ತೆ ಮಗುವಿನ ಕಿವಿಯಲ್ಲಿ ಕುರ್ರ್ ಅಂತ ಊದಿ ಹೆಸರು ಹೇಳಿದಳು. ಸುತ್ತ ಇದ್ದ ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. ಮಂಡಾಳು ಒಗ್ಗರಣೆ, ಮಿರ್ಚಿ ತಿಂದು ಹೊರಡುವಾಗ ಮಗುವಿನ ಅಪ್ಪನಿಗೆ ನಾನು ಬಿಳಿ ಹಾಳೆ ಕೊಟ್ಟೆ. ಮೇಲೆ ಕನ್ನಡದಲ್ಲಿ ಎಸ್ಟೆಲ್ಲಾ, ‘ಸ’ಗೆ ‘ಟ’ ಒತ್ತು. ಕೆಳಗೆ ಇಂಗ್ಲಿಷಿನಲ್ಲಿ ಮೊದಲು ಇ, ನಡುವೆ ಎರಡು ಎಲ್, ಕೊನೆಗೆ ಎ.